ನೋಡುವವರ ಋಣ

ಬೆಂಗಳೂರಿನಿಂದ ಒಂದು ಪ್ರವಾಸಿ ತಂಡ ಬರುತ್ತಿದೆ, ಒಂದು ದಿನ ಜೊತೆಗಿದ್ದು ಮೊಳಕಾಲ್ಮುರು ಕಡೆ ತೋರಿಸಿಕೊಡಿ ಎಂದು ಗೆಳೆಯರೊಬ್ಬರು ಫೋನ್ ಮಾಡಿದಾಗ ನಾನು ಹಿಂದುಮುಂದು ನೋಡದೆ ಒಪ್ಪಿಕೊಂಡೆ. ಕತೆ ಬರೆಯುವವನಿಗೆ ಕೇಳುವವರು ಸಿಕ್ಕರೆ ಸಾಕು. ಡಿಸೆಂಬರಿನ ಒಂದು ಮುಂಜಾನೆ ಚಳ್ಳಕೆರೆಯ ಬಸ್ ನಿಲ್ದಾಣದ ಹತ್ತಿರ ಅವರ ಮಿನಿ ಬಸ್ಸು ಹತ್ತಿದೆ. ಒಳಗೆ ಹದಿನೆಂಟು ಮಂದಿ. ನಿವೃತ್ತ ಅಧಿಕಾರಿಗಳು, ಕಾಲೇಜು ಮೇಷ್ಟ್ರುಗಳು, ಕಂಪ್ಯೂಟರ್ ಕಂಪನಿಯ ನಾಲ್ಕೈದು ಹುಡುಗರು. ಎಲ್ಲರೂ ಒಳ್ಳೆಯ ಜನ. ಕೆಲವರು ಯುರೋಪು ನೋಡಿ ಬಂದವರು. 'ವೆನಿಸ್‌ನಲ್ಲಿ ಬರೀ ನಾಲ್ಕು ಗಂಟೆ ಇದ್ವಿ ಸಾರ್, ಎಲ್ಲಾ ಕವರ್ ಮಾಡಿದ್ವಿ' ಎಂದು ಒಬ್ಬರು ಹೇಳಿದರು. ನೋಡುವುದಕ್ಕೆ ಈಚೆಗೆ ನಾವೆಲ್ಲ ಬಳಸುವ ಮಾತು ಇದು. ಕವರ್ ಎಂದರೆ ಹೊದಿಕೆ ಎಂಬುದು ಯಾರ ನೆನಪಿಗೂ ಬರುವುದಿಲ್ಲ.

ಎಣ್ಣೆ ಗಿರಣಿಗಳನ್ನು ಹಿಂದೆ ಬಿಟ್ಟು, ತ.ಸು. ವೆಂಕಣ್ಣಯ್ಯನವರ ತಳುಕನ್ನು ಕಿಟಕಿಯಿಂದಲೇ ತೋರಿಸಿ, ಅಶೋಕ ಸಿದ್ದಾಪುರ ತಲುಪಿದೆವು. ಅಲ್ಲಿ ಬ್ರಹ್ಮಗಿರಿಯ ಬುಡದಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಯ ಶಾಸನಗಳನ್ನು ಹೊರಜಗತ್ತಿಗೆ ತಿಳಿಸಿದರು. ಬ್ರಹ್ಮಗಿರಿಯ ಬಂಡೆಗೆ ಊರವರು ಇಟ್ಟ ಹೆಸರು ಅಕ್ಷರಗುಂಡು.

ನಾನು ಉತ್ಸಾಹದಿಂದ ವಿವರಿಸಿದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಸಂದೇಶವಿದು. ಮೊದಲು ಆರೋಗ್ಯ ವಿಚಾರಿಸುತ್ತಾರೆ, ಆಮೇಲೆ ವಿಷಯಕ್ಕೆ ಬರುತ್ತಾರೆ. ತಂದೆ ತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ನಿಜ ನುಡಿಯಬೇಕು, ಪ್ರಯತ್ನಪಟ್ಟರೆ ಸಣ್ಣವನಿಗೂ ಸ್ವರ್ಗ ಸಿಗುತ್ತದೆ ಎಂಬ ಸಾರಾಂಶ. ಅದರಲ್ಲಿ 256 ಎಂಬ ಸಂಖ್ಯೆಯಿದೆ. ಬುದ್ಧ ತೀರಿಕೊಂಡು ಅಷ್ಟು ವರ್ಷವಾಗಿತ್ತು ಎಂದು ಹಿಂದಿನ ಕೆಲವು ವಿದ್ವಾಂಸರು ಅರ್ಥ ಮಾಡಿದ್ದರು. ದೊರೆ ಮನೆ ಬಿಟ್ಟು ಪ್ರವಾಸದಲ್ಲಿ ಕಳೆದ ರಾತ್ರಿಗಳು ಅವು ಎಂದು ನಂತರದವರು ಓದಿದರು. 'ಎಂಟು ತಿಂಗಳ ಪ್ಯಾಕೇಜ್ ಟೂರ್!' ಎಂದು ಒಬ್ಬ ಹುಡುಗ ನಕ್ಕ. ನಾವೂ ನಕ್ಕೆವು.

ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದ ಈತ, ತಾನು ಲಿಪಿಕಾರ ಎಂಬ ಒಂದು ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ದೂರದ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಹೋಗುವಂಥದ್ದು. ಇದನ್ನು ಹೇಳುವಾಗಲೆಲ್ಲ ನನಗೆ ಪುಳಕವಾಗುತ್ತದೆ. ಬಾಲ್ಯದಲ್ಲಿ ನನ್ನದು ಒಂದೇ ನೋಟ್‌ಬುಕ್ಕು. ಒಂದು ತುದಿಯಿಂದ ಉರ್ದು, ಇನ್ನೊಂದು ತುದಿಯಿಂದ ಕನ್ನಡ. ಎರಡೂ ನಡುಹಾಳೆಯಲ್ಲಿ ಎದುರಾಗುತ್ತಿದ್ದವು. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ಸೀಮೆಯ ಬಂಡೆಯ ಮೇಲೆ ಎರಡು ದಿಕ್ಕಿನ ಅಕ್ಷರ ಹೀಗೆಯೇ ಎದುರಾಗಿದ್ದವು ಎಂದೆ. ಎಲ್ಲರೂ ಚಪಡನ ಹೆಸರು ಬರೆದುಕೊಂಡರು.

ಮಧ್ಯಾಹ್ನ ಊಟ ಮುಗಿಸಿ ಮೊಳಕಾಲ್ಮುರಿನ ನೇಕಾರರ ಬೀದಿಗೆ ಬಂದೆವು. ರೇಷ್ಮೆ ಸೀರೆಯ ಊರಿಗೆ ಬಂದು ಮಗ್ಗ ನೋಡದೆ ಹೋಗುವುದುಂಟೇ? ಪರಿಚಿತರೊಬ್ಬರು ಒಂದು ಮನೆ ತೋರಿಸಿದರು. ಹಿರಿಯರೊಬ್ಬರು ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ಒಡಲಿಗೊಂದು ಲಾಳಿ, ಎರಡು ಅಂಚಿಗೆ ಎರಡು ಲಾಳಿ. ಆ ಬದಿಯ ಅಂಚಿನ ಲಾಳಿಯನ್ನು ಅವರ ಹೆಂಡತಿ ದಾಟಿಸುತ್ತಿದ್ದರು. ಆ ಮಗ್ಗಕ್ಕೆ ಬಾಗಿಲೇ ಬೆಳಕು. ನಾವು ಬಾಗಿಲಲ್ಲಿ ಗುಂಪಾಗಿ ನಿಂತಾಗ ಒಳಗೆ ಕತ್ತಲಾಯಿತು. ಅವರು ಕೈ ನಿಲ್ಲಿಸಿದರು. 'ನಿಲ್ಲಿಸಬೇಡಿ, ನೇಯ್ತಾ ಇರಿ, ಫೋಟೋ ಚೆನ್ನಾಗಿ ಬರುತ್ತೆ' ಎಂದರು ಯಾರೋ. ಆ ಕತ್ತಲಲ್ಲೇ ಅವರು ಲಾಳಿ ಎಸೆದರು. ಎಲ್ಲೋ ಎಳೆ ತಪ್ಪಿತು. ಹೆಂಡತಿ ಮಾತಾಡದೆ ಬಗ್ಗಿ ಹುಡುಕತೊಡಗಿದರು. ಒಂದು ಸೀರೆಗೆ ಎಷ್ಟು ದಿನ, ಎಷ್ಟು ಕೂಲಿ ಎಂದು ನಮ್ಮವರು ಕೇಳಿದರು. ಉತ್ತರ ಕೇಳಿ 'ಪಾಪ' ಎಂದರು. ಇಪ್ಪತ್ತು ನಿಮಿಷವಾಗಿತ್ತು, ಬಸ್ಸು ಹಾರ್ನ್ ಹೊಡೆಯಿತು.

ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಅವರು ಕೇಳಿದರು, 'ಸಾಬ್ರೇ, ಆ ಹಸ್ರು ಸ್ವೆಟರಿನ ಅಮ್ಮಂಗೆ ಮಂಡಿನೋವು ಐತೇನೋ. ಹೊಸ್ತಿಲು ಇಳಿಯೋಕೆ ಕಷ್ಟಪಡ್ತಿದ್ರು. ಮೆಲ್ಲಗೆ ಹತ್ತಿಸ್ಕೊಳ್ಳಿ.'

ಬಸ್ಸಿನಲ್ಲಿ ಒಬ್ಬರು, 'ಸಾರ್, ಆ ಬಂಡೆ ಬರೆದವನ ಹೆಸರು ಏನಂದ್ರಿ?' ಎಂದು ಮತ್ತೆ ಕೇಳಿದರು. ಚಪಡ ಎಂದೆ. ಹೇಳಿದ ಕೂಡಲೇ ನಾಲಿಗೆ ಕಹಿಯಾಯಿತು. ಈಗಷ್ಟೇ ನೋಡಿ ಬಂದ ಮನುಷ್ಯನ ಹೆಸರು ಹದಿನೆಂಟು ಮಂದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹತ್ತೊಂಬತ್ತನೆಯವನಾದ ನನಗೂ ಗೊತ್ತಿರಲಿಲ್ಲ. ನಾವು ಅವರ ಕೈ ನೋಡಿದ್ದೆವು. ಅವರು ಕತ್ತಲಲ್ಲಿ ಕೂತು ನಮ್ಮ ಮಂಡಿನೋವು ನೋಡಿದ್ದರು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನೋಡುವುದು ನಮ್ಮ ಹಕ್ಕೇ? ನೋಡಿದವನು ನೋಡಿಸಿಕೊಂಡವರಿಗೆ ಏನಾದರೂ ಬಾಕಿ ಉಳಿಸಿಕೊಳ್ಳುತ್ತಾನೆಯೇ?

ಪ್ರವಾಸಿಗಳು ತಪ್ಪಿತಸ್ಥರು, ಸ್ಥಳೀಯರು ನಿರಪರಾಧಿಗಳು ಎಂದು ತೀರ್ಪು ಕೊಡುವುದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. ಜಟಿಂಗ ರಾಮೇಶ್ವರದ ಶಾಸನವಿರುವ ಬಂಡೆಗೆ ಬಳೆಗಾರ ಗುಂಡು ಎಂಬ ಹೆಸರಿತ್ತು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹಾಕುತ್ತಿದ್ದರು, ಕಂಬ ನೆಡಲು ಕುಳಿ ತೋಡಿದ್ದರು. ಬಂಡೆಯ ಜೊತೆಗೇ ಬಾಳಿದವರಿಗೆ ಅದರ ಮಾತು ಕೇಳಿಸಲಿಲ್ಲ. ಓದಲು ಹೊರಗಿನವನೇ ಬರಬೇಕಾಯಿತು. ನನ್ನ ಕತೆಯೂ ಅಷ್ಟೇ. ನಲವತ್ತು ವರ್ಷ ಚಳ್ಳಕೆರೆಯಲ್ಲಿದ್ದು, ಪಕ್ಕದ ತಾಲ್ಲೂಕಿನ ನೇಕಾರರ ಮನೆಯೊಳಗೆ ನಾನು ಕಾಲಿಟ್ಟದ್ದು ಈ ತಂಡದ ಹಿಂದೆಯೇ. ಹತ್ತಿರವಿದ್ದ ಮಾತ್ರಕ್ಕೆ ಕಂಡಂತಲ್ಲ.

ಹಾಗಾದರೆ ದುಡ್ಡು ಕೊಟ್ಟರೆ ಬಾಕಿ ತೀರುತ್ತದೆಯೇ? 2024ರ ಏಪ್ರಿಲ್‌ನಲ್ಲಿ ವೆನಿಸ್ ನಗರ ಜನಜಂಗುಳಿಯ ದಿನಗಳಲ್ಲಿ ಬಂದು ಹೋಗುವವರ ಮೇಲೆ ಐದು ಯೂರೋ ಶುಲ್ಕ ಹಾಕಿತು. ಮನೆ ಮುಂದೆ ದಿನವೂ ಜಾತ್ರೆಯಾದರೆ ಪಾಪ ಅವರಾದರೂ ಏನು ಮಾಡಿಯಾರು? ಆದರೆ ಅಲ್ಲಿನ ಜನ ಅದನ್ನೂ ವಿರೋಧಿಸಿದರು. ನಮ್ಮೂರಿಗೆ ಟಿಕೆಟ್ ಇಟ್ಟರೆ ನಾವು ಮೃಗಾಲಯದ ಪ್ರಾಣಿಗಳಾಗುವುದಿಲ್ಲವೇ ಎಂಬುದು ಅವರ ಸಂಕಟ.

ಅಶೋಕನಿಗೂ ಈ ಪ್ರಶ್ನೆ ಎದುರಾಗಿರಬೇಕು. ಗಿರ್ನಾರದಲ್ಲಿಯೂ ನಮ್ಮ ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಇರುವ ಅವನ ಎಂಟನೆಯ ಶಾಸನ ಪ್ರವಾಸದ ಕುರಿತಾದದ್ದು. ಹಿಂದಿನ ಅರಸರು ಬೇಟೆಗೆ, ಮೋಜಿಗೆ ವಿಹಾರಯಾತ್ರೆ ಹೋಗುತ್ತಿದ್ದರು. ಪಟ್ಟಕ್ಕೆ ಬಂದ ಹತ್ತು ವರ್ಷದ ಮೇಲೆ ತಾನು ಧರ್ಮಯಾತ್ರೆ ಆರಂಭಿಸಿದೆ ಎನ್ನುತ್ತಾನೆ. ವೃದ್ಧರನ್ನು ಕಾಣುವುದು, ದಾನ ಕೊಡುವುದು, ಹಳ್ಳಿಗಾಡಿನ ಜನರನ್ನು ಕಂಡು ಮಾತಾಡುವುದು ಅದರಲ್ಲಿ ಸೇರಿತ್ತು. ದೊಡ್ಡ ಮಾತೇ. ಆದರೂ ನನಗೊಂದು ಅನುಮಾನ. ದೊರೆ ಜನರನ್ನು ನೋಡಿದ. ಜನ ದೊರೆಯನ್ನು ನೋಡಿ ಏನಂದುಕೊಂಡರು ಎಂಬುದು ಯಾವ ಬಂಡೆಯ ಮೇಲೂ ಇಲ್ಲ. ನೋಡುವವನ ಮಾತಷ್ಟೇ ಉಳಿದಿದೆ.

ಉರ್ದು ಓದಿದವನಿಗೆ ಇಲ್ಲಿ ಎರಡು ಪದ ನೆನಪಾಗುತ್ತವೆ. ಒಂದು ತಮಾಶಾ. ಅರಬ್ಬಿಯಲ್ಲಿ ಅದರ ಮೂಲಕ್ಕೆ ಜೊತೆಯಾಗಿ ನಡೆಯುವುದು ಎಂಬ ಅರ್ಥ. ಫಾರಸಿ, ಉರ್ದುವಿಗೆ ಬಂದಾಗ ಅದು ನೋಡುವ ಆಟವಾಯಿತು. ಕನ್ನಡಕ್ಕೆ ಬಂದಾಗ ನಗೆಯ ತಮಾಷೆಯಾಯಿತು. ಜೊತೆಯಾಗಿ ನಡೆದವರು, ಜೊತೆಯಾಗಿ ನೋಡಿದರು, ಕೊನೆಗೆ ಜೊತೆಯಾಗಿ ನಕ್ಕರು. ಪ್ರವಾಸಿ ಗುಂಪಿನ ಇಡೀ ಚರಿತ್ರೆ ಈ ಒಂದು ಪದದಲ್ಲಿದೆ. ಇನ್ನೊಂದು ಜಿಯಾರತ್. ಹಾಗೆಂದರೆ ಭೇಟಿ. ಖಬರಸ್ತಾನಕ್ಕೆ ಹೋದವರೂ ಮೊದಲು ಅಲ್ಲಿ ಮಲಗಿರುವವರಿಗೆ ಸಲಾಂ ಹೇಳುತ್ತಾರೆ. ಸತ್ತವರನ್ನೂ ಮಾತಾಡಿಸದೆ ನೋಡಬಾರದು ಎಂಬ ಮರ್ಯಾದೆ ಅದು. ನಾವು ಬದುಕಿದ್ದವರ ಮನೆಗೆ ಹೋಗಿ ಅಷ್ಟನ್ನೂ ಮಾಡಲಿಲ್ಲ. ಇಸಿಲದವರ ಆರೋಗ್ಯ ವಿಚಾರಿಸಿದ ಶಾಸನವನ್ನು ಬೆಳಿಗ್ಗೆಯಷ್ಟೇ ಓದಿದ್ದೆವು!

ಎರಡು ವಾರ ಕಳೆದು ಒಬ್ಬನೇ ಬಸ್ಸು ಹತ್ತಿ ಹೋದೆ. ಸಲಾಂ ಬದಲು ನಮಸ್ಕಾರ ಹೇಳಿ ಹೆಸರು ಕೇಳಿದೆ. ಹೇಳಿದರು. ಆಮೇಲೆ ಪ್ರಶ್ನೆಗಳೆಲ್ಲ ಅವರವೇ. ನಿಮಗೆಷ್ಟು ಮಕ್ಕಳು, ಕತೆ ಬರೆದರೆ ಕೂಲಿ ಎಷ್ಟು ಎಂದು ಕೇಳಿದರು. ಹೇಳಿದೆ. 'ಪಾಪ' ಎಂದರು ಅವರ ಹೆಂಡತಿ. ಮೂವರೂ ನಕ್ಕೆವು. ಎಳೆ ತಪ್ಪಿದ್ದು ಏನಾಯಿತೆಂದು ನಾನೇ ಕೇಳಿದೆ. ಸೀರೆಯಲ್ಲಿ ಒಂದು ಗೆರೆ ಉಳಿದುಕೊಂಡಿತ್ತಂತೆ. ಕೊಳ್ಳುವವರು ಅದನ್ನು ಕಂಡು ಕೂಲಿಯಲ್ಲಿ ಹಿಡಿದುಕೊಂಡರಂತೆ. ದೂರುವ ದನಿಯಿರಲಿಲ್ಲ, ಕೇಳಿದ್ದಕ್ಕೆ ಹೇಳಿದರು ಅಷ್ಟೆ.

ನಮ್ಮ ನೋಟಕ್ಕೆ ಬೆಲೆಯಿತ್ತು, ಅದನ್ನು ತೆತ್ತವರು ಅವರು. ತಂಡದವರಿಗೆ ತಿಳಿಸಿದೆ. ಅವರು ನೊಂದುಕೊಂಡು ಅಂದೇ ಹಣ ಕಳಿಸಿದರು. ಮುಂದಿನ ವಾರ ಒಯ್ದು ಕೊಟ್ಟೆ. ಬೇಡ ಎನ್ನುತ್ತಾರೆಂದು ನಾನು ಅಂಜಿದ್ದೆ. ಅವರು ಎಣಿಸಿ ನೋಡಿ, ಐವತ್ತು ರೂಪಾಯಿ ಹೆಚ್ಚಿಗೆ ಬಂದಿದೆಯೆಂದು ವಾಪಸ್ಸು ಕೊಟ್ಟರು. ಹೊರಡುವಾಗ ಹೇಳಿದರು, 'ಇನ್ನೊಂದು ಸಲ ಅವ್ರು ಬಂದ್ರೆ ಬಾಗ್ಲಾಗೆ ನಿಲ್ಬೇಡಿ ಅನ್ನಿ ಸಾಬ್ರೇ. ಒಳಕ್ಕೆ ಬಂದು ಕೂತ್ಕಳ್ಳಿ ಅನ್ನಿ.'