ಮಗುವಿನ ತಪ್ಪಿಗೊಂದು ಮರೆ

ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗಳನ್ನು ಪಾಠಕ್ಕೆ ಬಳಸಬೇಕೋ ಬೇಡವೋ ಎಂಬ ವಾದ ನಮ್ಮ ಸ್ಟಾಫ್ ರೂಮಿನಲ್ಲಿ ಮುಗಿಯುವುದೇ ಇಲ್ಲ. 2020ರಲ್ಲಿ ಕೊರೊನಾ ಬಂದು ಶಾಲೆಗೆ ಬೀಗ ಬಿದ್ದಾಗ ತರಗತಿಯ ವಾಟ್ಸ್‌ಆ್ಯಪ್ ಗುಂಪೇ ನಮ್ಮ ಕರಿಹಲಗೆಯಾಯಿತು. ಆ ಉಪಕಾರವನ್ನು ಮರೆಯಲಾರೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯರು ಪದ್ಯ ಓದಿ ಧ್ವನಿ ಕಳಿಸಿದ್ದರು.

ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಮಗು ಮಾಡಿದ ತಪ್ಪನ್ನು ಯಾರು ಯಾರು ನೋಡಬೇಕು? ಸ್ಲೇಟಿನ ತಪ್ಪು ಲೆಕ್ಕ ಒದ್ದೆ ಬಟ್ಟೆ ತಾಗಿದರೆ ಹೋಗುತ್ತಿತ್ತು. ನೋಟ್‌ಬುಕ್ಕಿನ ಕೆಂಪು ಗೆರೆ ನನಗೂ ಆ ಮಗುವಿಗೂ ಮಾತ್ರ ಗೊತ್ತು. ಗುಂಪಿಗೆ ಹಾಕಿದ ಉತ್ತರವನ್ನೋ ಐವತ್ತು ಮನೆಯವರು ನೋಡುತ್ತಾರೆ. ಅಳಿಸಿದರೂ ಯಾರದೋ ಫೋನಿನಲ್ಲಿ ಅದರ ಚಿತ್ರ ಉಳಿದಿರುತ್ತದೆ. ಫೋನು ಹೆಚ್ಚಾಗಿ ಅಪ್ಪನದೋ ಅಣ್ಣನದೋ. ಮಗಳ ತಪ್ಪನ್ನು ಮೊದಲು ಓದುವವರೂ ಅವರೇ. 'ಇವಳ ತಲೆಗೆ ಓದು ಹತ್ತದು' ಎಂಬ ತೀರ್ಮಾನ ಹೆಣ್ಣುಮಕ್ಕಳ ವಿಷಯದಲ್ಲಿ ಎಷ್ಟು ಬೇಗ ಆಗಿಬಿಡುತ್ತದೆಂದು ನಿಮಗೆ ನಾನು ಹೇಳಬೇಕೆ?

2023ರಲ್ಲಿ ಬಂದ ದತ್ತಾಂಶ ರಕ್ಷಣೆಯ ಕಾಯಿದೆ 18 ತುಂಬದವರ ವಿವರ ಬಳಸಲು ತಂದೆತಾಯಿಯ ಒಪ್ಪಿಗೆ ಕೇಳುತ್ತದೆ. ಒಳ್ಳೆಯದೇ. ಆದರೆ ಒಪ್ಪುವವರು ತಂದೆತಾಯಿ, ನಾಚಿಕೆಯಿಂದ ಕುಗ್ಗುವುದು ಮಗು.

ಹಾಗಾಗಿ ಪಾಠ, ಚಿತ್ರ, ವಿಜ್ಞಾನದ ವಿಡಿಯೋ ಎಲ್ಲವನ್ನೂ ಗುಂಪಿಗೆ ಹಾಕುತ್ತೇನೆ. ಉತ್ತರ ಮಾತ್ರ ಪುಸ್ತಕದಲ್ಲಿ ಬರೆದು ತನ್ನಿ ಎನ್ನುತ್ತೇನೆ. "ಕಾಲ ಎಲ್ಲಿಗೆ ಹೋಗಿದೆ, ಮೇಡಂ!" ಎಂದು ನಮ್ಮ ಕಿರಿಯ ಮೇಷ್ಟ್ರು ನಗುತ್ತಾರೆ. ನಗಲಿ. ಪುಸ್ತಕಗಳ ಹೊರೆಯನ್ನು ಮನೆಗೆ ಹೊರುವವಳು ನಾನು ತಾನೆ.