ಅಲ್ಟ್ರಾ ಓಟ ತಪಸ್ಸಾಗಬಲ್ಲದೇ?

ಮ್ಯಾರಥಾನಿನ 42.195 ಕಿಲೋಮೀಟರನ್ನು ಮೀರಿದ ಓಟವೆಲ್ಲ ಅಲ್ಟ್ರಾಮ್ಯಾರಥಾನ್ ಎನಿಸಿಕೊಳ್ಳುತ್ತದೆ. 50 ಮತ್ತು 100 ಕಿಲೋಮೀಟರ್, 50 ಮತ್ತು 100 ಮೈಲಿ ಇದರಲ್ಲಿ ರೂಢಿಯಾದ ದೂರಗಳು. ಡಾಂಬರು ರಸ್ತೆ ಬಿಟ್ಟು ಕಾಡು, ಗುಡ್ಡ, ಕಾಲುದಾರಿಗಳಲ್ಲಿ ಓಡುವುದು ಟ್ರೇಲ್ ಓಟ. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟ 1921ರಲ್ಲಿ, ಮೊದಲ ಮಹಾಯುದ್ಧದಲ್ಲಿ ಮಡಿದ ಸೈನಿಕರ ಸ್ಮರಣೆಗಾಗಿ ಆರಂಭವಾಯಿತು. 1974ರಲ್ಲಿ ಕ್ಯಾಲಿಫೋರ್ನಿಯಾದ ಗಾರ್ಡಿ ಏನ್‌ಸ್ಲೀ ಕುದುರೆ ಸವಾರರ 100 ಮೈಲಿ ಸ್ಪರ್ಧೆಯ ದಾರಿಯನ್ನು ಕುದುರೆಯಿಲ್ಲದೆ 24 ಗಂಟೆಯೊಳಗೆ ಓಡಿ ಮುಗಿಸಿದ; ವೆಸ್ಟರ್ನ್ ಸ್ಟೇಟ್ಸ್ ಓಟಕ್ಕೆ ಅದೇ ಮೂಲ. ಆಲ್ಪ್ಸ್‌ನಲ್ಲಿ ಮೋಂ ಬ್ಲಾಂ ಪರ್ವತವನ್ನು ಸುತ್ತುವ ಯುಟಿಎಂಬಿ ಓಟ 2003ರಲ್ಲಿ ಶುರುವಾಯಿತು. ಅದರ ದೂರ ಸುಮಾರು 170 ಕಿ.ಮೀ., ಏರು ಸುಮಾರು 10,000 ಮೀಟರ್. ಕರ್ನಾಟಕದಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ನಡೆಯುತ್ತದೆ.

ಓಟ ಕಲಿತು ಹೆಚ್ಚು ದಿನವಾಗದವರೂ ಇಂಥ ದೂರಗಳಿಗೆ ಮನಸೋಲುತ್ತಾರೆ. ರಸ್ತೆಯ ಓಟದಲ್ಲಿ ಕೈಗಡಿಯಾರವೇ ಯಜಮಾನ. ವೇಗವಿಲ್ಲದವರು ಅಲ್ಲಿ ಹಿಂದೆ ಬೀಳುತ್ತಾರೆ. ಗುಡ್ಡದ ದಾರಿಯಲ್ಲಿ ಏರು, ಕೆಸರು, ಕಲ್ಲು ಸೇರಿ ಆ ಲೆಕ್ಕವನ್ನೇ ಅಳಿಸಿಬಿಡುತ್ತವೆ. ಕಡಿದಾದ ಏರಿನಲ್ಲಿ ನುರಿತವರೂ ನಡೆಯುತ್ತಾರೆ, ಗಡುವಿನೊಳಗೆ ತಲುಪುವುದೇ ಬಹುಪಾಲು ಓಟಗಾರರ ಗುರಿ. ಬೇರು, ಕಲ್ಲು ನೋಡಿ ಹೆಜ್ಜೆಯಿಡಬೇಕಾದ್ದರಿಂದ ಮನಸ್ಸು ಬೇರೆಡೆ ಹರಿಯಲಾರದು; ಕಣ್ಣುಮುಚ್ಚಿ ಕೂತವರಿಗೆ ಕಷ್ಟಪಟ್ಟರೂ ಸಿಗದ ಏಕಾಗ್ರತೆಯನ್ನು ಇಲ್ಲಿ ದಾರಿಯೇ ಒತ್ತಾಯಪಡಿಸಿ ಕೊಡುತ್ತದೆ. ದಣಿವಿನ ಮೊದಲ ತಡೆಯನ್ನು ದಾಟಿದವನಲ್ಲಿ ಅದುವರೆಗೆ ಬಳಕೆಯಾಗದ ಶಕ್ತಿ ಎಚ್ಚರಗೊಳ್ಳುತ್ತದೆ ಎಂದು ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1907ರಲ್ಲೇ ವಾದಿಸಿದ್ದ. ಆ ಅನುಭವವನ್ನು ಒಮ್ಮೆ ಕಂಡವರು ಮತ್ತೆ ಮತ್ತೆ ಅದನ್ನು ಅರಸುತ್ತಾರೆ. ಯಾರೂ ಹೇರದ ಕಷ್ಟವನ್ನು ಹೀಗೆ ತಾನಾಗಿ ಹೊತ್ತುಕೊಳ್ಳುವುದಕ್ಕೆ ತಪಸ್ಸಿನ ಬೆಲೆ ಉಂಟೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಉಂಟು ಎನ್ನುವ ಪರಂಪರೆಗಳಿವೆ. ಜಪಾನಿನ ಹಿಯೇ ಬೆಟ್ಟದ ತೆಂದಾಯ್ ಬೌದ್ಧ ಭಿಕ್ಷುಗಳ ಕೈಹೋಗ್ಯೋ ವ್ರತ ಏಳು ವರ್ಷಗಳಲ್ಲಿ 1000 ದಿನ ನಡೆಯುತ್ತದೆ. ಮೊದಲ ವರ್ಷಗಳಲ್ಲಿ ದಿನಕ್ಕೆ ಸುಮಾರು 30 ಕಿ.ಮೀ. ಬಿರುನಡಿಗೆ, ಕೊನೆಯ ವರ್ಷದ 100 ದಿನ ದಿನಕ್ಕೆ ಸುಮಾರು 84 ಕಿ.ಮೀ. ದಾರಿಯುದ್ದಕ್ಕೂ ಗುಡಿ, ಮರ, ಬಂಡೆಗಳ ಮುಂದೆ ನಿಂತು ಪ್ರಾರ್ಥಿಸಬೇಕು. 700 ದಿನ ಮುಗಿದ ಮೇಲೆ ಒಂಬತ್ತು ದಿನ ಅನ್ನ, ನೀರು, ನಿದ್ರೆ ಮೂರನ್ನೂ ಬಿಡಬೇಕು. ಅಲ್ಲಿಯವರೆಗಿನ ಸಾಧನೆ ಸ್ವಂತಕ್ಕೆ, ಮುಂದಿನದು ಲೋಕಕ್ಕೆ ಎಂಬುದು ಅವರ ನಂಬಿಕೆ. ಬಂಗಾಳದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಅಧ್ಯಾತ್ಮ ಗುರು ಶ್ರೀ ಚಿನ್ಮಯ್ ಆರಂಭಿಸಿದ 3100 ಮೈಲಿ ಓಟ 1997ರಿಂದ ನಡೆದುಬಂದಿದೆ. ಒಂದು ಕಿಲೋಮೀಟರಿಗೂ ಕಡಿಮೆಯ ಒಂದೇ ಸುತ್ತನ್ನು 52 ದಿನಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಬಾರಿ ಸುತ್ತುವುದು ಅಲ್ಲಿ ಸಾಧನಾಮಾರ್ಗ. ಉತ್ತರ ಕರ್ನಾಟಕದಿಂದ ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ನಡೆದುಹೋಗುವ ಭಕ್ತರ ಪಾದಯಾತ್ರೆಯಲ್ಲೂ ದೇಹದ ದಣಿವೇ ಕಾಣಿಕೆ.

ಎದುರು ವಾದವೂ ಅಷ್ಟೇ ಹಳೆಯದು, ಅಷ್ಟೇ ಗಟ್ಟಿ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ತಪಸ್ಸನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಫಲ ಬಯಸದೆ ಶ್ರದ್ಧೆಯಿಂದ ಮಾಡಿದ್ದು ಸಾತ್ತ್ವಿಕ, ಸತ್ಕಾರ ಹೊಗಳಿಕೆಗಳಿಗಾಗಿ ಮಾಡಿದ್ದು ರಾಜಸ, ಮೂಢ ಹಟದಿಂದ ದೇಹವನ್ನು ಪೀಡಿಸಿದ್ದು ತಾಮಸ. ಬುದ್ಧ ಆರು ವರ್ಷ ದೇಹ ದಂಡಿಸಿ, ಅದು ಅರಿವಿನ ದಾರಿಯಾಗದೆಂದು ಕಂಡು ಮಧ್ಯಮ ಮಾರ್ಗ ಹಿಡಿದ. ಕಾಯಕ್ಲೇಶಕ್ಕೆ ಸ್ಥಾನ ಕೊಟ್ಟ ಜೈನ ಧರ್ಮವೂ ಅದನ್ನು ಬಾಹ್ಯ ತಪಸ್ಸುಗಳ ಸಾಲಿನಲ್ಲಿಟ್ಟು, ಪ್ರಾಯಶ್ಚಿತ್ತ, ವಿನಯ, ಧ್ಯಾನಗಳಂಥವನ್ನು ಆಂತರಿಕ ತಪಸ್ಸೆಂದು ಪ್ರತ್ಯೇಕಿಸಿತು. ಹಟಕ್ಕೆ ತೆರಬೇಕಾದ ಬೆಲೆ ಪ್ರಾಣವೂ ಆಗಬಹುದು. 2021ರ ಮೇ ತಿಂಗಳಲ್ಲಿ ಚೀನಾದ ಗಾನ್ಸು ಪ್ರಾಂತ್ಯದ 100 ಕಿ.ಮೀ. ಗುಡ್ಡದ ಓಟದಲ್ಲಿ ಒಮ್ಮೆಲೇ ಎರಗಿದ ಚಳಿಗಾಳಿಗೆ 21 ಓಟಗಾರರು ಸತ್ತರು.

ಈ ಎರಡು ವಾದಗಳ ನಡುವೆ ತೀರ್ಪು ಹೇಳಲು ಕನ್ನಡದ ಶರಣಪರಂಪರೆಯಲ್ಲೇ ಒಂದು ಒರೆಗಲ್ಲು ಇದೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಗೋರಕ್ಷನನ್ನು ಎದುರುಗೊಳ್ಳುತ್ತಾನೆ. ಗೋರಕ್ಷ ಸಾಧನೆಯಿಂದ ದೇಹವನ್ನು ವಜ್ರವಾಗಿಸಿಕೊಂಡ ಸಿದ್ಧ. ಅಲ್ಲಮ ಬೀಸಿದ ಖಡ್ಗ ಆ ದೇಹಕ್ಕೆ ತಾಗಿ ಖಣಿಲೆನ್ನುತ್ತದೆ, ರೋಮವೂ ಕೊಂಕುವುದಿಲ್ಲ. ಗೋರಕ್ಷ ತಿರುಗಿ ಬೀಸಿದಾಗ ಖಡ್ಗ ಅಲ್ಲಮನ ಮೈಯಲ್ಲಿ ಬಯಲಲ್ಲಿ ಆಡಿದಂತೆ ಹಾದುಹೋಗುತ್ತದೆ. ಗೋರಕ್ಷನ ಸಾಧನೆ ಸುಳ್ಳೇನಲ್ಲ. ಆದರೆ ಅದು ದೇಹದ ಜೊತೆಗೆ ‘ನಾನು’ ಎಂಬುದನ್ನೂ ಗಟ್ಟಿಮಾಡಿತ್ತು. ಅಲ್ಲಮನಲ್ಲಿ ಪೆಟ್ಟು ತಿನ್ನಲು ‘ನಾನು’ ಉಳಿದಿರಲಿಲ್ಲ.

ಅಲ್ಟ್ರಾ ಓಟದಲ್ಲಿ ಈ ಎರಡೂ ದಾರಿಗಳು ತೆರೆದಿವೆ. ದೂರ, ಪದಕ, ಪ್ರಶಂಸೆಗಳನ್ನು ಕೂಡಿಡುತ್ತ ಹೋದವನಿಗೆ ಅದು ಗೋರಕ್ಷನ ಹಾದಿ. ತೊಂಬತ್ತನೆಯ ಕಿಲೋಮೀಟರಿನಲ್ಲಿ ಬಲವೆಲ್ಲ ಬಸಿದಾಗ, ನೀರು ಕೊಟ್ಟ ಅಪರಿಚಿತ ಸ್ವಯಂಸೇವಕನ ಋಣ ಮನಸ್ಸಿಗೆ ತಟ್ಟಿದರೆ, ಕುಸಿದ ಸಹ ಓಟಗಾರನಿಗಾಗಿ ನಿಲ್ಲುವ ಮನಸ್ಸು ಬಂದರೆ, ಅಹಂಕಾರ ಸವೆಯಲು ಶುರುವಾಗಿದೆ ಎಂದರ್ಥ. ಅಪಾಯ ಕಂಡಾಗ ಅರ್ಧದಲ್ಲೇ ಓಟ ಬಿಡುವುದೂ ಅದೇ ಸವೆತದ ಗುರುತು, ಏಕೆಂದರೆ ಅಲ್ಲಿ ಹಟ ವಿವೇಕಕ್ಕೆ ತಲೆಬಾಗಿರುತ್ತದೆ.

ಆದ್ದರಿಂದ ಅಲ್ಟ್ರಾ ಓಟ ತನ್ನಷ್ಟಕ್ಕೆ ತಪಸ್ಸಾಗುವುದಿಲ್ಲ, ಆದರೆ ತಪಸ್ಸಾಗಬಲ್ಲದು. ಅದನ್ನು ನಿರ್ಧರಿಸುವುದು ಓಡಿದ ದೂರವಲ್ಲ, ಓಡಿದವನಲ್ಲಿ ಉಳಿದ ಅಹಂಕಾರದ ಪ್ರಮಾಣ. ಹೊಸ ಓಟಗಾರ ದೇಹವನ್ನು ವರ್ಷಗಟ್ಟಲೆ ನಿಧಾನವಾಗಿ ಪಳಗಿಸಲಿ, ದೂರವನ್ನು ಮೆಲ್ಲಗೆ ಹೆಚ್ಚಿಸಲಿ, ಪ್ರತಿ ಓಟದ ಕೊನೆಗೂ ಈ ಒಂದು ಅಳತೆಯನ್ನು ತನಗೆ ತಾನೇ ಹಿಡಿದು ನೋಡಿಕೊಳ್ಳಲಿ.