ಮೇಲ್ಮನವಿ ಇಲ್ಲದ ತೀರ್ಪು

ಮಂಗಳೂರು ಬಳಿಯ ಕೂಳೂರಿನಲ್ಲಿ ಅಣ್ಣ-ತಮ್ಮಂದಿರಿಬ್ಬರು ಹತ್ತು ಸೆಂಟ್ಸ್ ಜಾಗಕ್ಕೆ ಜಗಳ ತೆಗೆದರು ಎಂದಿಟ್ಟುಕೊಳ್ಳಿ. ಮಾತಿಗೆ ಮಾತು ಬೆಳೆದು ಒಬ್ಬನ ತಲೆ ಒಡೆಯಿತು. ಈಗ ಎರಡು ಕೇಸು: ಜಾಗದ್ದು ಸಿವಿಲ್, ತಲೆಯದ್ದು ಕ್ರಿಮಿನಲ್. ಎರಡೂ ಮಂಗಳೂರಿನ ಕೋರ್ಟಿಗೇ ಹೋಗುತ್ತವೆ. ಅಷ್ಟೂ ಸಾಲದೆಂಬಂತೆ ಮನೆಯ ಹಿರಿಯಾಕೆ ಮೂರನೆಯ ಕಡೆಗೂ ಒಂದು ದೂರು ಹೇಳಿ ಬರುತ್ತಾಳೆ, ಕುಟುಂಬದ ದೈವಕ್ಕೆ. ‘ಕೋರ್ಟಿನಲ್ಲಿ ಏನು ಬೇಕಾದರೂ ಆಗಲಿ, ದೈವ ನೋಡಿಕೊಳ್ಳುತ್ತದೆ’ ಎಂಬ ಮಾತು ಕರಾವಳಿಯಲ್ಲಿ ಬೆದರಿಕೆಯೂ ಹೌದು, ಸಮಾಧಾನವೂ ಹೌದು.

ಒಂದೇ ಜಗಳಕ್ಕೆ ಮೂರು ನ್ಯಾಯಪೀಠಗಳು. ಇವುಗಳಲ್ಲಿ ಸತ್ಯ ಇರುವುದು ಎಲ್ಲಿ?

ಮೊದಲು ಮನುಷ್ಯರ ಕೋರ್ಟನ್ನೇ ನೋಡೋಣ. ಜಾಗದ ದಾವೆ ಅದರ ಮೌಲ್ಯಕ್ಕೆ ತಕ್ಕಂತೆ ಸಿವಿಲ್ ನ್ಯಾಯಾಧೀಶರ ಮುಂದೆಯೋ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆಯೋ ಶುರುವಾಗುತ್ತದೆ. ಸೋತವನಿಗೆ ಮೇಲ್ಮನವಿಯ ದಾರಿ ಇದೆ. ಎರಡನೆಯ ಮೇಲ್ಮನವಿಗೆ ಹೈಕೋರ್ಟ್ ಇದೆ, ಆದರೆ ಅಲ್ಲಿ ಕಾನೂನಿನ ಗಟ್ಟಿ ಪ್ರಶ್ನೆಯೊಂದು ಇದ್ದರೆ ಮಾತ್ರ ಕೇಳುತ್ತಾರೆ, ಬೇಲಿ ಯಾರದ್ದೆಂದು ಮತ್ತೆ ಅಳೆಯುವುದಿಲ್ಲ. ತಲೆ ಒಡೆದ ಕೇಸು ಪೊಲೀಸ್ ಠಾಣೆಯಿಂದ ಮ್ಯಾಜಿಸ್ಟ್ರೇಟರ ಬಳಿಗೆ ಬರುತ್ತದೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು 3 ವರ್ಷದವರೆಗೆ ಶಿಕ್ಷೆ ಕೊಡಬಲ್ಲರು, ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರು 7 ವರ್ಷದವರೆಗೆ. ಕೊಲೆಯಂಥದ್ದಾದರೆ ಸೆಷನ್ಸ್ ಕೋರ್ಟು. ತಮಾಷೆಯೆಂದರೆ ಎಷ್ಟೋ ಕಡೆ ಈ ಎರಡೂ ದಾರಿಗಳು ಸೇರುವುದು ಒಂದೇ ಕುರ್ಚಿಗೆ. ಬಾಗಿಲ ಮೇಲಿನ ಫಲಕದಲ್ಲೇ ‘ಸಿವಿಲ್ ನ್ಯಾಯಾಧೀಶರು ಮತ್ತು ಜೆ.ಎಂ.ಎಫ್.ಸಿ.’ (ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು) ಎಂದಿರುತ್ತದೆ. ಜಿಲ್ಲೆಯ ತುದಿಯಲ್ಲಿರುವವರೂ ‘ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು’. ಬೆಳಿಗ್ಗೆ ಪಾಲಿನ ದಾವೆ ಕೇಳಿದವರೇ ಮಧ್ಯಾಹ್ನ ಕಳ್ಳತನದ ವಿಚಾರಣೆ ನಡೆಸಬಹುದು.

ಆದರೆ ಬೆಳಿಗ್ಗೆಯ ಅಳತೆ ಮಧ್ಯಾಹ್ನಕ್ಕೆ ನಡೆಯುವುದಿಲ್ಲ. ಸಿವಿಲ್‌ನಲ್ಲಿ ಯಾರ ಮಾತು ಹೆಚ್ಚು ಸಂಭವನೀಯವೋ ಅವರು ಗೆದ್ದರು. ಕ್ರಿಮಿನಲ್‌ನಲ್ಲಿ ಸಮಂಜಸವಾದ ಒಂದು ಸಂಶಯ ಉಳಿದರೂ ಆರೋಪಿ ಹೊರಗೆ. ಹಾಗಾಗಿ ಅದೇ ಸಂಜೆ, ಅದೇ ಅಂಗಳ, ಅದೇ ಕತ್ತಿಯ ಬಗ್ಗೆ ಎರಡು ಕೋರ್ಟುಗಳು ಎರಡು ಬಗೆಯಾಗಿ ಹೇಳಬಹುದು, ಎರಡೂ ಸರಿಯೇ ಇರಬಹುದು. ಹಳ್ಳಿಯ ಕಟ್ಟೆಯಲ್ಲಿ ಕೂತವರಿಗೆ ಇದು ಕಣ್ಕಟ್ಟಿನಂತೆ ಕಾಣುತ್ತದೆ. ‘ಹೊಡೆದದ್ದು ಹೌದೋ ಅಲ್ಲವೋ?’ ಎಂಬುದು ಅವರ ಪ್ರಶ್ನೆ. ಕೋರ್ಟಿನ ಪ್ರಶ್ನೆ ಬೇರೆ: ‘ಹೊಡೆದದ್ದು ಎಂದು ಹೇಳುವಷ್ಟು ಪುರಾವೆ ನನ್ನ ಮುಂದಿದೆಯೋ?’

ಸ್ಕಾಟ್ಲೆಂಡಿನವರು ಈ ವ್ಯತ್ಯಾಸವನ್ನು ಮುಚ್ಚಿಡದೆ ತೀರ್ಪಿನಲ್ಲೇ ಬರೆಯುತ್ತಿದ್ದರು. ಅಲ್ಲಿನ ಜ್ಯೂರಿಗೆ ದೋಷಿ, ನಿರ್ದೋಷಿ ಎಂಬ ಎರಡಲ್ಲದೆ ‘ಸಾಬೀತಾಗಿಲ್ಲ’ ಎಂಬ ಮೂರನೆಯ ತೀರ್ಪೂ ಇತ್ತು. ಬಿಡುಗಡೆಯೇನೋ ಆಗುತ್ತಿತ್ತು, ಆದರೆ ಊರಿನ ಅನುಮಾನ ಬೆನ್ನು ಬಿಡುತ್ತಿರಲಿಲ್ಲ. ಆರೋಪಿಗೂ ನೊಂದವರಿಗೂ ನೆಮ್ಮದಿ ಕೊಡದ ಈ ತೀರ್ಪನ್ನು ತೆಗೆದುಹಾಕುವ ಕಾಯ್ದೆಯನ್ನು ಅಲ್ಲಿನ ಸಂಸತ್ತು 2025ರಲ್ಲಿ ಅಂಗೀಕರಿಸಿತು. ಉಳಿದಂತೆ ಅಲ್ಲಿಯ ಏರ್ಪಾಡು ನಮ್ಮದರ ದೂರದ ನೆಂಟ. ಊರೂರಿನ ಶೆರಿಫ್ ಕೋರ್ಟು ಸಿವಿಲ್ಲನ್ನೂ ಕ್ರಿಮಿನಲ್ಲನ್ನೂ ನೋಡುತ್ತದೆ. ಎಡಿನ್‌ಬರೋದ ಅದೇ ನ್ಯಾಯಮೂರ್ತಿಗಳು ಸಿವಿಲ್‌ಗೆ ಕೂತರೆ ಕೋರ್ಟ್ ಆಫ್ ಸೆಷನ್, ಕ್ರಿಮಿನಲ್‌ಗೆ ಕೂತರೆ ಹೈಕೋರ್ಟ್ ಆಫ್ ಜಸ್ಟಿಶಿಯರಿ. ವಿಚಿತ್ರ ಏನೆಂದರೆ ಸಿವಿಲ್ ಮೇಲ್ಮನವಿ ಲಂಡನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಗಬಹುದು. ಕ್ರಿಮಿನಲ್ ಮೇಲ್ಮನವಿ ಮಾನವ ಹಕ್ಕಿನಂಥ ಕೆಲವು ಪ್ರಶ್ನೆಗಳ ಹೊರತು ಎಡಿನ್‌ಬರೋದಲ್ಲೇ ಮುಗಿಯುತ್ತದೆ.

ನೆಂಟಸ್ತಿಕೆ ಎಂದದ್ದು ಬರೀ ಮಾತಿಗಲ್ಲ. ಟಿಪ್ಪು ಸತ್ತ ಮೇಲೆ 1799ರಲ್ಲಿ ಕೆನರಾ ಎಂದು ಕರೆಯುತ್ತಿದ್ದ ನಮ್ಮ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದಾಗ ಕಲೆಕ್ಟರಾಗಿ ಬಂದವನು ಗ್ಲಾಸ್ಗೋದಲ್ಲಿ ಹುಟ್ಟಿದ ಥಾಮಸ್ ಮನ್ರೋ. ಒಂದು ವರ್ಷದಷ್ಟೇ ಇದ್ದು ಹೋದ. ಆದರೆ 1814ರಲ್ಲಿ ಮದ್ರಾಸ್ ಪ್ರಾಂತ್ಯದ ನ್ಯಾಯಪದ್ಧತಿ ಸುಧಾರಿಸುವ ಆಯೋಗದ ಮುಖ್ಯಸ್ಥನಾಗಿ ಮತ್ತೆ ಬಂದ. 1816ರ ರೆಗ್ಯುಲೇಷನ್ನುಗಳಲ್ಲಿ ಗ್ರಾಮ ಮುನ್ಸಿಫ, ಗ್ರಾಮ ಪಂಚಾಯಿತಿ, ಜಿಲ್ಲಾ ಮುನ್ಸಿಫ ಎಂಬ ಮೆಟ್ಟಿಲುಗಳು ಬಂದವು. ದೊಡ್ಡ ಕೋರ್ಟಿನಲ್ಲಿ ಕೂತ ಪರದೇಶಿ ಜಡ್ಜಿಗಿಂತ ಊರಿನ ಗೌಡನಿಗೆ ಊರಿನ ಜಗಳ ಹೆಚ್ಚು ಗೊತ್ತಿರುತ್ತದೆ ಎಂಬುದು ಆತನ ನಂಬಿಕೆಯಾಗಿತ್ತು. ಅದೇ ಮನ್ರೋ ಮ್ಯಾಜಿಸ್ಟ್ರೇಟ್ ಅಧಿಕಾರವನ್ನು ಕಲೆಕ್ಟರನ ಕೈಗೇ ಕೊಡಿಸಿದ. ಕಂದಾಯ ವಸೂಲು ಮಾಡುವವನೇ ದಂಡಿಸುವವನೂ ಆದ. ಆ ಗಂಟು ಪೂರ್ತಿ ಬಿಚ್ಚಲು 1973ರ ದಂಡ ಪ್ರಕ್ರಿಯಾ ಸಂಹಿತೆ ಬರಬೇಕಾಯಿತು. ಅದರ ಜಾಗಕ್ಕೆ ಈಗ, 2024ರ ಜುಲೈ 1ರಿಂದ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ.

ಇಷ್ಟೊಂದು ಮೆಟ್ಟಿಲು ಯಾಕೆ ಎಂದರೆ ಸಾಮಾನ್ಯವಾಗಿ ಬರುವ ಉತ್ತರ ಆಡಳಿತದ ಅನುಕೂಲ. ಆದರೆ ಇದರ ಬುಡದಲ್ಲಿ ಒಂದು ತತ್ತ್ವವಿದೆ. ಮನುಷ್ಯ ತಪ್ಪು ತೀರ್ಪು ಕೊಡುತ್ತಾನೆ ಎಂದು ಕಾನೂನು ಮೊದಲೇ ಒಪ್ಪಿಕೊಂಡು ಕೂತಿದೆ. ಮರಣದಂಡನೆಯ ವಿಷಯ ನೋಡಿ. ಸೆಷನ್ಸ್ ನ್ಯಾಯಾಧೀಶರು ಗಲ್ಲು ಎಂದು ಬರೆದರೂ ಹೈಕೋರ್ಟು ಸ್ಥಿರೀಕರಿಸುವವರೆಗೆ ಅದು ಜಾರಿಯಾಗದು. ಅಪರಾಧಿ ಮೇಲ್ಮನವಿ ಹಾಕದೆ ಸುಮ್ಮನೆ ಕೂತರೂ ಕಡತ ತಾನಾಗಿಯೇ ಮೇಲಕ್ಕೆ ಹೋಗಬೇಕು. ತನ್ನ ಅತಿ ಕಠಿಣ ಮಾತನ್ನು ತಾನೇ ನಂಬದಿರುವ ಈ ಗುಣ ವಿನಯದ್ದೋ ಭಯದ್ದೋ, ಅಂತೂ ಒಳ್ಳೆಯದೇ.

ದೈವದ ಮುಂದೆ ಇದು ತಲೆಕೆಳಗು. ದೈವಕ್ಕೆ ನಡೆಸುವ ಸೇವೆಯಾದ ನೇಮದ ರಾತ್ರಿ, ಮೈಗೆ ಬಣ್ಣ, ಕಾಲಿಗೆ ಗಗ್ಗರ, ಕೈಯಲ್ಲಿ ಕತ್ತಿಯೊಂದಿಗೆ ಮನುಷ್ಯನ ಮೈಮೇಲೆ ಬಂದ ದೈವ ನಿಂತಿರುತ್ತದೆ. ಊರಿನ ಹಿರಿಮನೆತನವಾದ ಗುತ್ತಿನವರು ದೂರು ಅರಿಕೆ ಮಾಡುತ್ತಾರೆ, ಎರಡೂ ಕಡೆಯವರು ಕೈಮುಗಿದು ಎದುರು ನಿಲ್ಲುತ್ತಾರೆ. ದೈವ ನುಡಿ ಕೊಟ್ಟಿತು, ತಪ್ಪು ಕಾಣಿಕೆ ಹಾಕಿಸಿತು, ಗಂಧಪ್ರಸಾದ ಕೊಟ್ಟಿತು. ಮುಗಿಯಿತು. ಸಾಕ್ಷಿಯ ಪಾಟೀಸವಾಲಿಲ್ಲ, ವಾಯಿದೆಯಿಲ್ಲ. ದೈವ ಎಲ್ಲವನ್ನೂ ನೋಡಿದೆ ಎಂದ ಮೇಲೆ ಪುರಾವೆ ಯಾಕೆ? ತಪ್ಪೇ ಆಗದು ಎಂದ ಮೇಲೆ ಮೇಲ್ಮನವಿ ಯಾರಿಗೆ? ಕಾಸರಗೋಡಿನ ಕಾನತ್ತೂರಿನಲ್ಲಿ ನಾಲ್ವರು ದೈವಗಳ ಸನ್ನಿಧಿಗೆ ಇಂದಿಗೂ ಕರ್ನಾಟಕ-ಕೇರಳ ಗಡಿಯ ಎರಡೂ ಬದಿಯ ಜನ ಆಸ್ತಿ, ಹಣ, ಮಾನದ ಜಗಳ ಹೊತ್ತು ಹೋಗುತ್ತಾರೆ. ಧರ್ಮಸ್ಥಳದಲ್ಲಿ ದೂರು ಒಪ್ಪಿಸುವ ಹೊಯಿಲು ಕೂಡ ಇದೇ ನಂಬಿಕೆಯ ಇನ್ನೊಂದು ರೂಪ, ಅಲ್ಲಿ ತೀರ್ಮಾನ ಹೇಳುವವರು ಕ್ಷೇತ್ರದ ಧರ್ಮಾಧಿಕಾರಿಗಳಾದ ಹೆಗ್ಗಡೆಯವರು.

ಬ್ರಿಟಿಷರು ಈ ನಂಬಿಕೆಯನ್ನು ಕೋರ್ಟಿನ ಒಳಕ್ಕೇ ಬಿಟ್ಟುಕೊಂಡಿದ್ದರು ಎಂಬುದು ಇಂದು ಹೆಚ್ಚಿನವರಿಗೆ ಮರೆತುಹೋಗಿದೆ. 1873ರ ಭಾರತೀಯ ಪ್ರಮಾಣ ಕಾಯ್ದೆಯಲ್ಲಿ ಒಂದು ಸೊಗಸಾದ ಏರ್ಪಾಡಿತ್ತು. ‘ಎದುರಾಳಿ ತಾನು ಪವಿತ್ರವೆಂದು ನಂಬುವ ರೀತಿಯಲ್ಲಿ ಆಣೆ ಮಾಡಿ ಹೇಳಿದರೆ ನಾನು ಒಪ್ಪುತ್ತೇನೆ’ ಎಂದು ಒಬ್ಬ ಕಕ್ಷಿದಾರ ಹೇಳಬಹುದಾಗಿತ್ತು. ಎದುರಾಳಿ ಆಣೆ ಮಾಡಿದನೋ, ಹಾಗೆ ಹೇಳಿದವನ ಮಟ್ಟಿಗೆ ಅದೇ ಅಂತಿಮ ಪುರಾವೆ. ನಿರಾಕರಿಸಿದರೆ ಯಾವ ಆಣೆ, ಯಾಕೆ ನಿರಾಕರಿಸಿದ ಎಂಬುದನ್ನೂ ಕೋರ್ಟು ದಾಖಲಿಸಬೇಕಿತ್ತು. 1969ರ ಪ್ರಮಾಣ ಕಾಯ್ದೆ ಇದನ್ನೆಲ್ಲ ಕೈಬಿಟ್ಟಿತು. ಈಗ ಕಟಕಟೆಯಲ್ಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದರೂ, ದೇವರನ್ನು ಬಿಟ್ಟು ಸತ್ಯನಿಷ್ಠೆಯಿಂದ ಎಂದರೂ ಬೆಲೆ ಒಂದೇ. ಪಾಟೀಸವಾಲು ತಪ್ಪದು.

ಆಣೆಯ ಭಯ ಮಾತ್ರ ಕಾಯ್ದೆಯೊಂದಿಗೆ ಹೋಗಲಿಲ್ಲ. 2011ರ ಜೂನ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಮತ್ತು ಎಚ್.ಡಿ. ಕುಮಾರಸ್ವಾಮಿ ಮಂಜುನಾಥನ ಮುಂದೆ ಆಣೆ ಮಾಡುವ ಸವಾಲು ಹಾಕಿಕೊಂಡು ಒಂದೇ ದಿನ ಧರ್ಮಸ್ಥಳಕ್ಕೆ ಬಂದರು. ರಾಜ್ಯವೇ ಟಿವಿ ಮುಂದೆ ಕೂತಿತ್ತು. ಇಬ್ಬರೂ ಪೂಜೆ ಮಾಡಿಸಿದರು, ಆಣೆ ಮಾತ್ರ ಮಾಡಲಿಲ್ಲ. ವಿಧಾನಸಭೆ, ಲೋಕಾಯುಕ್ತ, ಕೋರ್ಟುಗಳನ್ನೆಲ್ಲ ಕಂಡ ರಾಜಕಾರಣಿಗಳೂ ‘ಮಾತು ಬಿಡದ ಮಂಜುನಾಥ’ನ ಎದುರು ಮಾತು ನುಂಗಿಕೊಂಡರು.

ಇನ್ನು ಈ ಎರಡೂ ಲೋಕಗಳು ಮುಖಾಮುಖಿಯಾದರೆ? ಕೂಳೂರಿನಿಂದ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಸುಮಾರು 20 ಕಿ.ಮೀ. ಹೋದರೆ ಮೂಲ್ಕಿ. ಅಲ್ಲಿನ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣರದ್ದು. ದೇವಸ್ಥಾನಗಳ ಬಾಗಿಲನ್ನು ಹರಿಜನರಿಗೆ ತೆರೆಯುವ ಕಾಯ್ದೆ ಮದ್ರಾಸ್ ಪ್ರಾಂತ್ಯದಲ್ಲಿ 1947ರಲ್ಲಿ ಬಂದಾಗ ಮೊಕ್ತೇಸರರು, ಇದು ನಮ್ಮ ಸಮುದಾಯದ ದೇವಸ್ಥಾನ, ಯಾರು ಒಳಬರಬೇಕೆಂಬುದು ನಮ್ಮ ಧರ್ಮದ ವಿಷಯ ಎಂದರು. ದಾವೆ ದಕ್ಷಿಣ ಕನ್ನಡದ ಸಬ್‌ ಜಡ್ಜರ ಮುಂದೆ ಬಂತು. ಧರ್ಮದ ವಿಷಯ ಎಂದರೆ ನಂಬಿಕೆ ಮಾತ್ರ, ಆಚರಣೆಯ ವಿಧಿಗಳಲ್ಲ ಎಂದು ಅವರು ದಾವೆ ವಜಾ ಮಾಡಿದರು. ಮದ್ರಾಸ್ ಹೈಕೋರ್ಟು ಕೊಂಚ ಸಡಿಲಿಸಿತು: ಬಾಗಿಲು ಎಲ್ಲರಿಗೂ ತೆರೆಯಬೇಕು, ಆದರೆ ಸಮುದಾಯದವರಷ್ಟೇ ಭಾಗವಹಿಸುವ ಕೆಲವು ವಿಶೇಷ ವಿಧಿಗಳ ಹೊತ್ತಿನಲ್ಲಿ ಹೊರಗಿನವರನ್ನು ತಡೆಯಬಹುದು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1957ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಜಿಲ್ಲೆ ಮೈಸೂರಿಗೆ ಸೇರಿತ್ತು, ಎದುರುದಾರ ಸರ್ಕಾರವೇ ಬದಲಾಗಿತ್ತು. ತೀರ್ಪು ಬರೆದವರು ನ್ಯಾಯಮೂರ್ತಿ ಟಿ.ಎಲ್. ವೆಂಕಟರಾಮ ಅಯ್ಯರ್. ಅವರು ಆಗಮಗಳನ್ನೇ ತಿರುವಿಹಾಕಿ, ಗುಡಿಯೊಳಗೆ ಯಾರು ಎಲ್ಲಿಯವರೆಗೆ ಎಂಬುದು ಧರ್ಮದ ವಿಷಯವೇ ಎಂದು ಒಪ್ಪಿದರು. ಒಪ್ಪಿಯೂ, ಸಂವಿಧಾನದ 25ನೇ ವಿಧಿ ಎಲ್ಲ ಹಿಂದೂಗಳಿಗೆ ತೆರೆದ ಬಾಗಿಲನ್ನು, ಪಂಗಡಗಳಿಗೆ ತಮ್ಮ ಧರ್ಮದ ವಿಷಯ ನೋಡಿಕೊಳ್ಳುವ ಹಕ್ಕು ಕೊಡುವ 26ನೇ ವಿಧಿ ಮುಚ್ಚಲಾರದು ಎಂದರು. ಹೈಕೋರ್ಟು ಉಳಿಸಿದ್ದ ವಿಶೇಷ ವಿಧಿಗಳು ಉಳಿದವು.

ಈ ತೀರ್ಪಿನ ಚೆಂದ ಇರುವುದು ಅದರ ಏರುದಾರಿಯಲ್ಲಿ. ಕೆಳಗಿನ ಕೋರ್ಟು ಕೊಟ್ಟ ಉತ್ತರವನ್ನು ಮೇಲಿನದು ತಿದ್ದಿತು, ಅದಕ್ಕೂ ಮೇಲಿನದು ಕಾರಣವನ್ನು ಬದಲಿಸಿ ಫಲವನ್ನು ಉಳಿಸಿತು. ಮೂರು ವರ್ಷ ಮೊದಲು, 1954ರಲ್ಲಿ, ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಎಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಎಂದಿತ್ತು. ಹೇಳುವುದು ಸುಲಭ. ಸಿದ್ಧಾಂತ ಏನು ಹೇಳುತ್ತದೆಂದು ಕೊನೆಗೆ ಓದಿ ಹೇಳಬೇಕಾದವರು ಕರಿಕೋಟಿನವರೇ ತಾನೆ!

ಸ್ಕಾಟ್ಲೆಂಡಿನಲ್ಲಿ ಇದೇ ಪೇಚು ಇನ್ನೂ ಜೋರಾಗಿ ಆಯಿತು. ಊರಿನ ಚರ್ಚಿಗೆ ಪಾದ್ರಿಯನ್ನು ಗೊತ್ತುಮಾಡುವ ಹಕ್ಕು ಭೂಮಾಲಿಕನದೆಂದು ಕೋರ್ಟ್ ಆಫ್ ಸೆಷನ್ ಹೇಳಿದ್ದರಿಂದ ಹುಟ್ಟಿದ ಕಲಹದಲ್ಲಿ 1843ರಲ್ಲಿ ನಾನೂರಕ್ಕೂ ಹೆಚ್ಚು ಪಾದ್ರಿಗಳು ಹೊರಬಂದು ಫ್ರೀ ಚರ್ಚ್ ಕಟ್ಟಿದರು. 1900ರಲ್ಲಿ ಅದರ ಬಹುಸಂಖ್ಯಾತರು ಇನ್ನೊಂದು ಪಂಗಡದೊಂದಿಗೆ ಸೇರಿದಾಗ, ಸೇರದೆ ಉಳಿದ ಪುಟ್ಟ ಗುಂಪು, ‘ನೀವು ಮೂಲ ಸಿದ್ಧಾಂತ ಬಿಟ್ಟಿರಿ, ಆಸ್ತಿ ನಮ್ಮದು’ ಎಂದು ದಾವೆ ಹೂಡಿತು. ಎಡಿನ್‌ಬರೋದ ಎರಡೂ ಹಂತಗಳಲ್ಲಿ ಸೋತಿತು. 1904ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್, ಮೋಕ್ಷ ಮೊದಲೇ ನಿಶ್ಚಿತವೋ ಅಲ್ಲವೋ ಎಂಬವರೆಗೂ ಚರ್ಚಿಸಿ, 5–2ರಿಂದ ಆ ಗುಂಪಿಗೇ ಆಸ್ತಿಯನ್ನೆಲ್ಲ ಕೊಟ್ಟಿತು. ಅಷ್ಟೊಂದು ಆಸ್ತಿ ನಡೆಸಲು ಅವರಲ್ಲಿ ಜನವೇ ಇರಲಿಲ್ಲ. ಮರುವರ್ಷ ಪಾರ್ಲಿಮೆಂಟು ಹೊಸ ಕಾಯ್ದೆ ತಂದು ಆಸ್ತಿ ಹಂಚಬೇಕಾಯಿತು. ಜೀವರಲ್ಲೇ ಸಹಜವಾದ ಮೇಲು-ಕೆಳಗಿನ ಶ್ರೇಣಿ ಇದೆ ಎನ್ನುವ ಮಧ್ವರ ತಾರತಮ್ಯವನ್ನು ಅರಿತ ಉಡುಪಿಯವರಿಗೆ ಮೋಕ್ಷದ ಕುರಿತ ಆ ಚರ್ಚೆ ಅಪರಿಚಿತ ಎನಿಸುತ್ತಿರಲಿಲ್ಲ.

ಕೂಳೂರಿಗೇ ಬಂದರೆ, ಬಂಗ್ರ ಕೂಳೂರಿನ ರಾಮ-ಲಕ್ಷ್ಮಣ ಜೋಡುಕರೆಯಲ್ಲಿ ಕಂಬಳದ ಕೋಣ ಓಡುವುದಕ್ಕೂ ದಿಲ್ಲಿಯ ಅಪ್ಪಣೆ ಬೇಕಾಯಿತು. ಜಲ್ಲಿಕಟ್ಟನ್ನು ನಿಷೇಧಿಸಿದ ಸುಪ್ರೀಂ ಕೋರ್ಟಿನ 2014ರ ತೀರ್ಪಿನ ಬೆನ್ನಿಗೆ 2016ರಲ್ಲಿ ಹೈಕೋರ್ಟು ಕಂಬಳಕ್ಕೆ ತಡೆ ಹಾಕಿತು, 2017ರಲ್ಲಿ ರಾಜ್ಯ ಕಾನೂನು ತಿದ್ದಿತು, 2023ರ ಮೇ 18ರಂದು ಐವರ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇಂಥ ಆಟ ಒಂದು ನಾಡಿನ ಸಂಸ್ಕೃತಿಯೇ ಎಂಬುದನ್ನು ಹೇಳಬೇಕಾದುದು ಶಾಸಕಾಂಗ, ತಾನಲ್ಲ ಎಂದಿತು ಪೀಠ. ತನ್ನದಲ್ಲದ ಪ್ರಶ್ನೆಯನ್ನು ಕೆಳಗಿಡುವುದೂ ಒಂದು ತೀರ್ಪೇ.

ಹಾಗೆಂದು ದೈವದ ಕಡೆಯ ಲೆಕ್ಕ ಅಷ್ಟು ಸರಳವಲ್ಲ. ದೈವದ ನುಡಿಯಿಂದ ಸಮಾಧಾನವಾಗದಿದ್ದರೆ ತುಳುನಾಡಿನ ಕುಟುಂಬಗಳು ಏನು ಮಾಡುತ್ತವೆ? ಅಷ್ಟಮಂಗಲ ಪ್ರಶ್ನೆ ಇಡಿಸುತ್ತವೆ. ದೋಷ ಎಲ್ಲಿ, ಹಿಂದಿನ ಪರಿಹಾರ ಸರಿಯಾಗಿ ಆಗಿತ್ತೇ ಎಂದು ಜೋಯಿಸರು ಕವಡೆ ಹಾಕಿ ಮೊದಲಿನಿಂದ ನೋಡುತ್ತಾರೆ. ದೈವ ತಪ್ಪಿತು ಎಂದು ಯಾರೂ ಅನ್ನುವುದಿಲ್ಲ, ಕೇಳಿದವರು ತಪ್ಪಾಗಿ ಕೇಳಿಸಿಕೊಂಡರು ಎನ್ನುತ್ತಾರೆ. ಬಾಗಿಲಿನ ಮೇಲೆ ಫಲಕವಿಲ್ಲ ಎಂಬುದನ್ನು ಬಿಟ್ಟರೆ ಇದು ಮೇಲ್ಮನವಿಯೇ. ತಪ್ಪಾಗಬಹುದೆಂಬ ಅಳುಕು ಮನುಷ್ಯನನ್ನು ದೇವರ ಎದುರಿಗೂ ಬಿಟ್ಟಿಲ್ಲ.

ಹಾಗಾದರೆ ಕೋರ್ಟಿಗಿರುವ ಧರ್ಮಬಲ ಅದರ ಕೊನೆಯ ತೀರ್ಪಿನಲ್ಲಿಲ್ಲ, ತಿದ್ದಿಕೊಳ್ಳುವ ಮೆಟ್ಟಿಲಿನಲ್ಲಿದೆ. ಆ ಮೆಟ್ಟಿಲು ಬಡವನ ಕಾಲಿಗೆ ಎಟುಕದಿದ್ದರೆ ಮೊದಲ ತೀರ್ಪೇ ಕೊನೆಯದಾಗುತ್ತದೆ. ಆಗ ಆತ ದೈವಕ್ಕೆ ಹರಕೆ ಹೊತ್ತರೆ ಅದನ್ನು ಮೂಢನಂಬಿಕೆ ಎಂದು ಮೂಗು ಮುರಿಯುವ ಹಕ್ಕು ಯಾರಿಗೂ ಇಲ್ಲ. ಧಾರವಾಡ ಮತ್ತು ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು 2008ರಲ್ಲಿ ಶುರುವಾಗಿ 2013ರಲ್ಲಿ ಕಾಯಂ ಆದವು. ಮಂಗಳೂರಿಗೂ ಒಂದು ಪೀಠ ಬೇಕೆಂದು ವಕೀಲರು ಕೇಳುತ್ತಲೇ ಬಂದಿದ್ದಾರೆ. ಕೂಳೂರಿನ ಆ ಹತ್ತು ಸೆಂಟ್ಸ್ ಜಾಗದ ಎರಡನೆಯ ಮೇಲ್ಮನವಿ ಮಾತ್ರ ಘಾಟಿ ಹತ್ತಿ ಬೆಂಗಳೂರಿಗೇ ಹೋಗಬೇಕು.